ಹಿತ್ತಲ ಎರಡು ಗುಂಟೆಯಲ್ಲಿ ಹೂವು ಬೆಳೆದು ಊರಲ್ಲೇ ಮಾರೋದು ಹೆಂಗೆ

ದಾವಣಗೆರೆ ಸುತ್ತ ಇರ್ಲಿ, ಹರಿಹರದ ಕಡೆ ಇರ್ಲಿ, ಇಲ್ಲಾ ದುರ್ಗದ ಕಡೆ ಭರಮಸಾಗರ, ಹೊಳಲ್ಕೆರೆ, ಹಿರಿಯೂರು ಇರ್ಲಿ, ಮನೆ ಹಿಂದೆ ಒಂದೆರಡು ಗುಂಟೆ ಜಾಗ, ಒಂದು ಬೋರ್ ಇಲ್ಲಾ ನಲ್ಲಿ ನೀರು, ಬೆಳಿಗ್ಗೆ ಎರಡು ತಾಸು ಕೆಲಸ ಮಾಡೋ ಮನಸ್ಸು ಇದ್ರೆ ಹೂವಿನಿಂದ ತಿಂಗಳ ಖರ್ಚಿಗೆ ಒಂದಿಷ್ಟು ದುಡ್ಡು ಮಾಡ್ಕೋಬಹುದು. ಎಕರೆಗಟ್ಟಲೆ ಹಾಕಿ ಮಂಡಿಗೆ ಟೆಂಪೋದಲ್ಲಿ ಕಳ್ಸೋರ ವಿಷಯ ಅಲ್ಲ ಇದು. ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಚೆಂಡು ಹೂವನ್ನ ಅವರು ಕ್ರೇಟ್ ಕ್ರೇಟ್ ತಂದು ಸುರಿಯೋ ದಿನ ನಾವು ಐದು ಕೆಜಿ ಚೀಲ ಹಿಡ್ಕೊಂಡು ಅದೇ ಮಂಡಿಗೆ ಹೋಗಿ ನಿಂತ್ರೆ ಬಸ್ ಚಾರ್ಜೂ ಹುಟ್ಟಲ್ಲ. ಸಣ್ಣ ಜಾಗದವರಿಗೆ ದಾರಿ ಅಂದ್ರೆ ಕೊಳ್ಳೋರನ್ನ ಮೊದಲು ಗೊತ್ತು ಮಾಡ್ಕೊಂಡು, ಅವರಿಗೆ ಯಾವ ದಿನ ಯಾವ ಹೂವು ಬೇಕು ಅನ್ನೋದನ್ನ ತಿಳ್ಕೊಂಡು, ಆಮೇಲೆ ಬೀಜ ತರೋದು. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ, ನರ್ಸರಿಗೆ ಹೋಗಿ ಕಣ್ಣಿಗೆ ಚೆಂದ ಕಂಡಿದ್ದು ತಂದು ನೆಡ್ತಾರೆ, ಹೂವು ಬಂದ ಮೇಲೆ ಯಾರಿಗೆ ಮಾರ್ಲಿ ಅಂತ ಹುಡುಕ್ತಾರೆ.

ಮೊದಲು ಮಾರ್ಕೆಟ್ ಸುತ್ತಿ ಬರ್ರಿ

ಬೆಳಕು ಹರಿಯೋ ಮುಂಚೆ ಹೂವಿನ ಮಾರ್ಕೆಟ್‌ಗೆ ಹೋಗ್ರಿ. ಒಂದೇ ದಿನ ಹೋದ್ರೆ ಸಾಲಲ್ಲ. ಒಂದು ಸಾದಾ ದಿನ ಹೋಗ್ರಿ, ಒಂದು ಶುಕ್ರವಾರದ ಹಿಂದಿನ ದಿನ ಹೋಗ್ರಿ, ಒಂದು ಹಬ್ಬದ ಹಿಂದಿನ ದಿನ ಹೋಗ್ರಿ. ಅದೇ ಹೂವು, ಅದೇ ಅಂಗಡಿ, ರೇಟ್ ಮಾತ್ರ ಎಲ್ಲಿಂದ ಎಲ್ಲಿಗೋ ಹೋಗಿರುತ್ತೆ. ಬಿಡಿ ಹೂವು ಕೆಜಿಗೆ ಎಷ್ಟು, ಕಟ್ಟಿದ್ದು ಮಾರಿಗೆ ಎಷ್ಟು, ಸುಗಂಧರಾಜದ ಕಡ್ಡಿ ಒಂದಕ್ಕೆ ಎಷ್ಟು ಅಂತ ಕೇಳಿ ಬರ್ಕೊಳ್ರಿ. ಬೀದಿಯಲ್ಲಿ ಬುಟ್ಟಿ ಇಟ್ಕೊಂಡು ಕೂತಿರೋ ಅಮ್ಮಂದಿರ ಹತ್ರ ಮಾತಾಡ್ರಿ, ಯಾವ ಹೂವು ಸಾಯಂಕಾಲದ ತನಕ ಬಾಡದೆ ನಿಲ್ಲುತ್ತೆ, ಯಾವುದು ಉಳಿದುಬಿಡುತ್ತೆ ಅನ್ನೋದು ಅವರಿಗೆ ಗೊತ್ತಿರೋಷ್ಟು ಯಾವ ಪುಸ್ತಕದಲ್ಲೂ ಸಿಗಲ್ಲ.

ವರ್ಷದ ರೇಟಿನ ಏರಿಳಿತ ಹೆಚ್ಚುಕಮ್ಮಿ ಪಂಚಾಂಗದ ಪ್ರಕಾರನೇ ನಡೆಯುತ್ತೆ. ಆಷಾಢದಲ್ಲಿ ಮದುವೆ ಇಲ್ಲ, ಹೂವು ಕೇಳೋರು ಕಮ್ಮಿ. ಶ್ರಾವಣ ಬಂತು ಅಂದ್ರೆ ಸೋಮವಾರ, ಶನಿವಾರ, ಮಂಗಳಗೌರಿ, ಅದರ ಮೇಲೆ ವರಮಹಾಲಕ್ಷ್ಮಿ, ಆ ವಾರ ಹೂವಿಗೆ ಬೆಲೆನೇ ಬೆಲೆ. ಆಮೇಲೆ ಗೌರಿ ಗಣೇಶ. ನಡುವೆ ಪಿತೃಪಕ್ಷದಲ್ಲಿ ಮತ್ತೆ ಇಳಿಯುತ್ತೆ. ನವರಾತ್ರಿ, ಆಯುಧಪೂಜೆ, ದೀಪಾವಳಿ ಚೆಂಡು ಹೂವು ಸೇವಂತಿಗೆಯ ಕಾಲ. ಕಾರ್ತಿಕದಲ್ಲಿ ದೇವಸ್ಥಾನಗಳಿಗೆ ದಿನಾ ಬೇಕು. ಮಾಘದಿಂದ ವೈಶಾಖದ ತನಕ ಮದುವೆ ಮುಹೂರ್ತ ನೋಡ್ಕೊಳ್ರಿ. ನಮ್ಮ ಕಡೆಯವೇ ಅಂತ ಬೇರೆ ದಿನಗಳೂ ಐತೆ, ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಆ ಕಡೆ ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು, ದುರ್ಗದಲ್ಲಿ ಮಹಾಗಣಪತಿ ಶೋಭಾಯಾತ್ರೆ, ಆಮೇಲೆ ನಿಮ್ಮೂರ ಕರಿಯಮ್ಮನದೋ ಆಂಜನೇಯನದೋ ಪರಿಷೆ. ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ದಿನನೇ ಇವೆಲ್ಲಾ ಕೆಂಪು ಪೆನ್ನಲ್ಲಿ ಗುರುತು ಹಾಕಿಡ್ರಿ, ಮುಂದೆ ಬೀಜ ಹಾಕೋ ದಿನ ಲೆಕ್ಕ ಹಾಕೋಕೆ ಇದೇ ಬೇಕು.

ಯಾರು ಕೊಳ್ತಾರೆ

ನನ್ನ ಪ್ರಕಾರ ಸಣ್ಣ ಬೆಳೆಗಾರರಿಗೆ ಎಲ್ಲಕ್ಕಿಂತ ಒಳ್ಳೇದು ವರ್ತನೆ ಮನೆಗಳು. ದಿನಾ ಬೆಳಿಗ್ಗೆ ಬಾಗಿಲಿಗೆ ಒಂದು ಮೊಳ ಕಟ್ಟಿದ ಹೂವು, ಒಂದು ಮುಷ್ಟಿ ಬಿಡಿ ಹೂವು, ದುಡ್ಡು ತಿಂಗಳಿಗೊಮ್ಮೆ. ಲೆಕ್ಕಕ್ಕೆ ಅಂತ ದಿನಕ್ಕೆ 15 ರೂಪಾಯಿ ಇಟ್ಕೊಳ್ರಿ, ಆರು ಮನೆ ಆದ್ರೆ ದಿನಕ್ಕೆ 90, ತಿಂಗಳಿಗೆ 2700. ದೊಡ್ಡ ಮೊತ್ತ ಅಲ್ಲ, ಆದ್ರೆ ಮಾರ್ಕೆಟ್ ಬಿದ್ರೂ ಇದು ಬೀಳಲ್ಲ, ದಲ್ಲಾಳಿ ಕಮಿಷನ್ ಇಲ್ಲ, ಬಸ್ ಇಲ್ಲ. ಆರು ಮನೆಗೆ ತಪ್ಪದೆ ಎರಡು ತಿಂಗಳು ಕೊಟ್ರೆ ಪಕ್ಕದ ಮನೆಯವರು ತಾವಾಗೇ ಕೇಳ್ತಾರೆ. ಊರ ದೇವಸ್ಥಾನದ ಪೂಜಾರರ ಹತ್ರ ಮಾತಾಡಿ ವಾರಕ್ಕೆರಡು ಹಾರ ಒಪ್ಕೊಳ್ರಿ. ಅಂಗಡಿ, ಹೋಟ್ಲು, ಗ್ಯಾರೇಜು, ಇವರಿಗೆ ದಿನಾ ಫೋಟೋಗೆ ಒಂದು ಸಣ್ಣ ಹಾರ ಬೇಕೇ ಬೇಕು, ಶುಕ್ರವಾರ ಒಂದು ದೊಡ್ಡದು.

ಇನ್ನೊಂದು ಕಡೆ ಕಡ್ಡಿ ಹೂವು, ಅಂದ್ರೆ ಉದ್ದ ಕಾಂಡದ ಸಮೇತ ಕತ್ತರಿಸಿ ಮಾರೋದು, ಬೊಕೆಗೆ, ಹೂದಾನಿಗೆ, ಸ್ಟೇಜ್ ಡೆಕೋರೇಷನ್‌ಗೆ. ದಾವಣಗೆರೆಯಲ್ಲಿ ಕಾಲೇಜುಗಳು ಎಷ್ಟಿವೆ ನಿಮಗೇ ಗೊತ್ತು, ಕಾರ್ಯಕ್ರಮ ಇಲ್ಲದ ವಾರ ಇಲ್ಲ, ಒಂದೊಂದು ಕಾರ್ಯಕ್ರಮಕ್ಕೂ ಬೊಕೆ ಬೇಕು. ಬೊಕೆ ಅಂಗಡಿಯವರು ಜರ್ಬೆರಾ, ಡಚ್ ಗುಲಾಬಿ ಹೊರಗಿಂದ ತರಿಸ್ಕೋತಾರೆ, ಅವಕ್ಕೆ ಪಾಲಿಹೌಸ್ ಅಂದ್ರೆ ಪ್ಲಾಸ್ಟಿಕ್ ಹೊದಿಸಿದ ಮನೆ ಬೇಕು, ಅದಕ್ಕೆ ನಾವು ಕೈ ಹಾಕೋದು ಬೇಡ. ಆದ್ರೆ ಸುಗಂಧರಾಜ, ಆಸ್ಟರ್, ಗ್ಲಾಡಿಯೋಲಸ್, ಜಿನ್ನಿಯಾ, ಕೋಳಿಜುಟ್ಟು ಇವೆಲ್ಲ ಬಯಲಲ್ಲೇ ಬರ್ತವೆ, ಬೆಳಿಗ್ಗೆ ಕೊಯ್ದು ಒಂಬತ್ತಕ್ಕೆ ಅಂಗಡಿಗೆ ಮುಟ್ಸಿದ್ರೆ ಅಷ್ಟು ಫ್ರೆಶ್ ಮಾಲು ದೂರದಿಂದ ಬರೋ ಬಾಕ್ಸಲ್ಲಿ ಇರಲ್ಲ. ಒಬ್ಬರಿಬ್ಬರು ಅಂಗಡಿಯವರಿಗೆ ಸ್ಯಾಂಪಲ್ ಹತ್ತು ಕಡ್ಡಿ ಕೊಟ್ಟು ನೋಡ್ರಿ.

ಎರಡು ಗುಂಟೆಯಲ್ಲಿ ಏನೇನು ಹಾಕ್ಬೇಕು

ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರಡಿ. ಎರಡು ಗುಂಟೆಯಲ್ಲಿ ಓಡಾಡೋ ದಾರಿ ಕಳೆದ್ರೆ ಸುಮಾರು ಒಂದೂವರೆ ಗುಂಟೆ ನಾಟಿಗೆ ಸಿಗುತ್ತೆ. ಅದನ್ನ ಪೂರ್ತಿ ಒಂದೇ ಹೂವಿಗೆ ಕೊಡಬೇಡ್ರಿ. ದಿನಾ ಬರೋ ಹೂವು ಒಂದು ಭಾಗ, ಕಡ್ಡಿ ಹೂವು ಒಂದು ಭಾಗ, ಹಬ್ಬಕ್ಕೆ ಬರೋ ಹೂವು ಒಂದು ಭಾಗ.

ದಿನಾ ಬರೋದಕ್ಕೆ ಕನಕಾಂಬರ ನನಗೆ ಎಲ್ಲಕ್ಕಿಂತ ಇಷ್ಟ. ತೂಕ ಇಲ್ಲದ ಹೂವು, ಕೆಜಿ ಲೆಕ್ಕದಲ್ಲಿ ರೇಟ್ ಜಾಸ್ತಿ, ಕಟ್ಟಿದ ಮೇಲೂ ಮಲ್ಲಿಗೆ ತರ ಸಂಜೆಗೇ ಸೋತು ಹೋಗಲ್ಲ, ಸ್ವಲ್ಪ ನೆರಳಿದ್ರೂ ನಡೆಯುತ್ತೆ ಹಂಗಾಗಿ ತೆಂಗಿನ ಮರದ ಪಕ್ಕದ ಜಾಗನೂ ವೇಸ್ಟ್ ಆಗಲ್ಲ. ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ, 400 ಚದರಡಿಯಲ್ಲಿ 200 ಗಿಡ. ನೆಟ್ಟು ಎರಡು ಮೂರು ತಿಂಗಳಿಗೆ ಹೂವು ಶುರು, ಕೊಯ್ಲು ದಿನ ಬಿಟ್ಟು ದಿನ. ಡೆಲ್ಲಿ ಕನಕಾಂಬರ ಅನ್ನೋದು ಬೀಜ ಕಟ್ಟಲ್ಲ, ಕಡ್ಡಿ ನೆಟ್ಟೇ ಮಾಡ್ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಟ್ಟಿರೋ ಅರ್ಕಾ ಶ್ರಾವ್ಯ, ಅರ್ಕಾ ಚೆನ್ನ ಅಂತ ತಳಿಗಳೂ ಐತೆ. ಜೊತೆಗೆ ಬೇಲಿ ಉದ್ದಕ್ಕೂ ಐದೈದು ಅಡಿಗೆ ಒಂದರಂತೆ ಕಾಕಡ, ದುಂಡು ಮಲ್ಲಿಗೆ ಹತ್ತು ಹನ್ನೆರಡು ಗಿಡ ಇಟ್ಬಿಡ್ರಿ. ಮೊದಲ ವರ್ಷ ಅದರಿಂದ ಏನೂ ನಿರೀಕ್ಷೆ ಬೇಡ, ಆಮೇಲೆ ವರ್ಷಗಟ್ಟಲೆ ಕೊಡುತ್ತೆ.

ಕಡ್ಡಿಗೆ ಸುಗಂಧರಾಜ. ಒಂದು ಸಲ ಗೆಡ್ಡೆ ನೆಟ್ರೆ ಮೂರು ವರ್ಷದ ತನಕ ಅಲ್ಲೇ ಬಿಡಬಹುದು, ನೆಟ್ಟ ಮೂರು ಮೂರೂವರೆ ತಿಂಗಳಿಗೆ ಮೊದಲ ಕಡ್ಡಿ. ಇದರಲ್ಲಿ ಎರಡು ತರ, ಒಂಟಿ ಎಸಳಿಂದು ಘಮ ಜಾಸ್ತಿ, ಬಿಡಿ ಹೂವಿಗೂ ಹಾರಕ್ಕೂ ಆಗುತ್ತೆ, ಡಬಲ್ ಎಸಳಿಂದು ಹೂದಾನಿಗೆ ಬೊಕೆಗೆ. ಒಂಟಿಯಲ್ಲಿ ಪ್ರಜ್ವಲ್, ಡಬಲ್‌ನಲ್ಲಿ ಸುವಾಸಿನಿ, ವೈಭವ್ ಅನ್ನೋ ತಳಿ ಕೇಳಿ ತಗೊಳ್ರಿ. ನನ್ನನ್ನ ಕೇಳಿದ್ರೆ ಹೊಸಬರು ಒಂಟಿಯನ್ನೇ ಹಾಕ್ಬೇಕು, ಕಡ್ಡಿ ಮಾರಾಟ ಆಗದ ದಿನ ಹೂವು ಬಿಡಿಸಿ ಕೆಜಿಗಾದ್ರೂ ಮಾರಬಹುದು.

ಆಸ್ಟರ್‌ನಲ್ಲಿ ಒಂದು ವಿಷಯ ನೆನಪಿಡ್ರಿ, ಒಂದು ಮಡಿ ಹೂವೆಲ್ಲ ಹೆಚ್ಚುಕಮ್ಮಿ ಮೂರು ವಾರದಲ್ಲಿ ಬಂದು ಮುಗಿದುಬಿಡುತ್ತೆ. ಹಂಗಾಗಿ ಎಲ್ಲ ಬೀಜ ಒಟ್ಟಿಗೆ ಚೆಲ್ಲದೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕ್ರಿ. ಕಾಮಿನಿ, ಪೂರ್ಣಿಮಾ, ಶಶಾಂಕ್ ಅಂತ ಬೇರೆ ಬೇರೆ ಬಣ್ಣದ್ದು ಸಿಗುತ್ತೆ. ಬೀಜ ಹಳೇದಾದ್ರೆ ಮೊಳಕೆನೇ ಬರಲ್ಲ, ಹೊಸದು ಅಂತ ಗ್ಯಾರಂಟಿ ಇದ್ರೆ ಮಾತ್ರ ತಗೊಳ್ರಿ.

ಚಳ್ಳಕೆರೆ, ಜಗಳೂರು ಕಡೆ ನೀರು ಕಮ್ಮಿ ಇರೋರು ಬೇಜಾರಾಗೋದು ಬೇಡ, ಗಲಾಟೆ ಹೂವು (ಗೈಲಾರ್ಡಿಯಾ) ಹಾಕ್ರಿ. ಬಿಸಿಲು, ಬಡ ಮಣ್ಣು, ಎರಡನ್ನೂ ತಡ್ಕೊಳ್ಳುತ್ತೆ, ಹಾರಕ್ಕೆ ಬಣ್ಣ ಕೊಡೋಕೆ ಎಲ್ಲರೂ ತಗೋತಾರೆ.

ಹಬ್ಬದಿಂದ ಹಿಂದಕ್ಕೆ ಎಣಿಸೋದು

ಇದನ್ನ ಒಂದು ಕಲಿತ್ರೆ ಅರ್ಧ ಕೆಲಸ ಆದಂಗೆ. ಚೆಂಡು ಹೂವು ತಗೊಳ್ರಿ. ಬೀಜ ಹಾಕಿ ಸಸಿ ಆಗೋಕೆ 25 ದಿನ, ನಾಟಿ ಮಾಡಿ ಹೂವು ಬಿಡೋಕೆ 55ರಿಂದ 65 ದಿನ. ಒಟ್ಟು 80-90 ದಿನ. ಆಯುಧಪೂಜೆ ಅಕ್ಟೋಬರ್ ಎರಡನೇ ವಾರ ಬಂತು ಅಂದ್ರೆ ಹಿಂದಕ್ಕೆ ಎಣಿಸಿ ಜುಲೈ ಮಧ್ಯದಲ್ಲಿ ಬೀಜ ಮಣ್ಣಲ್ಲಿ ಇರ್ಬೇಕು. ಒಂದು ವಾರ ಮುಂಚೆ ಆದ್ರೆ ತೊಂದ್ರೆ ಇಲ್ಲ, ಗಿಡ ಒಂದೂವರೆ ಎರಡು ತಿಂಗಳು ಹೂವು ಕೊಡ್ತಾನೇ ಇರುತ್ತೆ, ಒಂದು ವಾರ ಲೇಟ್ ಆದ್ರೆ ಮಾತ್ರ ಹಬ್ಬ ಹೋದ ಮೇಲೆ ಹೂವು ನೋಡ್ಕೊಂಡು ಕೂರ್ಬೇಕು.

ಸೇವಂತಿಗೆ ಲೆಕ್ಕ ಬೇರೆ. ಬಹಳಷ್ಟು ಸೇವಂತಿಗೆ ತಳಿಗಳು ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆದಾಗ ಮಾತ್ರ ಮೊಗ್ಗು ಹಿಡಿಯೋದು. ಅದಕ್ಕೇ ಏಪ್ರಿಲ್‌ನಿಂದ ಜೂನ್ ಒಳಗೆ ಯಾವಾಗ ನೆಟ್ರೂ ಹೂವು ಬರೋದು ದಸರಾ ದೀಪಾವಳಿ ಆಸುಪಾಸಿನಲ್ಲೇ. ಬೇಗ ನೆಟ್ಟಿದ್ದು ಗಿಡ ಪೊದೆಯಾಗಿರುತ್ತೆ ಹೂವು ಜಾಸ್ತಿ, ತಡವಾಗಿ ನೆಟ್ಟಿದ್ದು ಗಿಡನೇ ಸಣ್ಣ. ಇದರಲ್ಲಿ ಪೇಟೆಯವರು ಗಮನಿಸ್ಬೇಕಾದ್ದು ಒಂದೈತೆ, ಬೀದಿ ದೀಪ ಇಲ್ಲಾ ಮನೆ ಹಿಂದಿನ ದೊಡ್ಡ ಎಲ್‌ಇಡಿ ಬಲ್ಬಿನ ಬೆಳಕು ರಾತ್ರಿಯಿಡೀ ಗಿಡದ ಮೇಲೆ ಬೀಳ್ತಿದ್ರೆ ಆ ಗಿಡಕ್ಕೆ ರಾತ್ರಿ ಆಗಿದ್ದೇ ಗೊತ್ತಾಗಲ್ಲ, ಮೊಗ್ಗು ಹಿಡಿಯೋದು ಮುಂದಕ್ಕೆ ಹೋಗುತ್ತೆ. ಅಂಥ ಜಾಗದಲ್ಲಿ ಸೇವಂತಿಗೆ ಬೇಡ, ಕನಕಾಂಬರ ಹಾಕ್ರಿ.

ಮಣ್ಣು, ಮಡಿ, ನೀರು

ನಮ್ಮಲ್ಲಿ ಎರಡೂ ತರ ಮಣ್ಣು ಐತೆ. ಕೆಂಪು ಮಣ್ಣಿದ್ರೆ ಅದೃಷ್ಟ, ನೀರು ನಿಲ್ಲಲ್ಲ. ಎರೆ ಮಣ್ಣಿದ್ದೋರು ಏರುಮಡಿ ಮಾಡ್ಲೇಬೇಕು, ಮುಕ್ಕಾಲು ಅಡಿ ಎತ್ತರ, ಮೂರಡಿ ಅಗಲ, ಉದ್ದ ಎಷ್ಟು ಬೇಕೋ ಅಷ್ಟು. ಮೂರಡಿಗಿಂತ ಅಗಲ ಮಾಡಿದ್ರೆ ಎರಡೂ ಕಡೆಯಿಂದ ಕೈ ನಡುವೆ ಮುಟ್ಟಲ್ಲ, ಕೊಯ್ಯೋವಾಗ ಮಡಿ ತುಳೀಬೇಕಾಗುತ್ತೆ. 100 ಚದರಡಿಗೆ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಗೊಣ್ಣೆ ಹುಳ ತರುತ್ತೆ. ಟ್ರೈಕೋಡರ್ಮಾ, ಅಂದ್ರೆ ರೋಗದ ಬೂಷ್ಟನ್ನ ತಡೆಯೋ ಒಳ್ಳೇ ಬೂಷ್ಟಿನ ಪುಡಿ, ಒಂದು ಕೆಜಿ ತಂದು ನೂರು ಕೆಜಿ ಗೊಬ್ಬರಕ್ಕೆ ಕಲಸಿ ನೆರಳಲ್ಲಿ ಹತ್ತು ದಿನ ತೇವ ಆರದಂಗೆ ಇಟ್ಟು ಹಾಕಿದ್ರೆ ಬೇರು ಕೊಳೆಯೋದು ಬಹಳ ಕಮ್ಮಿ ಆಗುತ್ತೆ. ಒಂದು ಸಲ ಮಣ್ಣು ಪರೀಕ್ಷೆ ಮಾಡ್ಸಿಬಿಡ್ರಿ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಐತೆ, ದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂ ಐತೆ, ಎರಡೂ ಕಡೆ ಹೋಗಿ ಕೇಳಿದ್ರೆ ಗೊಬ್ಬರದ ವಿಷಯ ಸಮಾಧಾನವಾಗಿ ಹೇಳ್ತಾರೆ.

ನೀರಿಗೆ ಡ್ರಿಪ್ ಒಳ್ಳೇದು, ಒಂದಡಿಗೊಂದು ತೂತಿರೋ 16 ಎಂಎಂ ಪೈಪ್ ಸಾಕು. ಮೇಲಿಂದ ಪೈಪ್ ಹಿಡಿದು ಹೂವು ನೆನೆಸಬೇಡ್ರಿ, ಮಚ್ಚೆ ಬೀಳುತ್ತೆ, ಬೇಗ ಕೊಳೆಯುತ್ತೆ. ಭದ್ರಾ ನಾಲೆ ನೀರೊಂದನ್ನೇ ನಂಬ್ಕೊಂಡು ಹೂವು ಹಾಕೋದು ಬೇಡ, ನಾಲೆ ವರ್ಷಪೂರ್ತಿ ಹರಿಯಲ್ಲ. ಬೋರ್ ನೀರು ಉಪ್ಪಿದ್ರೆ, ಅಂದ್ರೆ ಮಣ್ಣಿನ ಮೇಲೆ ಬಿಳಿ ಪುಡಿ ಕೂರ್ತಿದ್ರೆ, ಸುಗಂಧರಾಜ ಸ್ವಲ್ಪ ತಡ್ಕೊಳ್ಳುತ್ತೆ, ಬೇರೆಯವು ಕಷ್ಟ. ಬೇಸಿಗೆಯಲ್ಲಿ ಬುಡಕ್ಕೆ ಮುಚ್ಚಿಗೆ ಬೇಕೇ ಬೇಕು. ಭತ್ತದ ಹುಲ್ಲು, ಶೇಂಗಾ ಸಿಪ್ಪೆ, ಮೆಕ್ಕೆಜೋಳದ ರವದಿ, ನಮ್ಮ ಕಡೆ ಇದಕ್ಕೇನು ಬರ.

ನಾಟಿ, ಚಿವುಟೋದು

ಸಸಿ ಟ್ರೇಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಬೀಜ ಹಾಕಿದ್ರೆ ಬೇರು ಕೀಳದಂಗೆ ನಾಟಿ ಮಾಡಬಹುದು. ಸಂಜೆ ಹೊತ್ತು ನೆಡ್ರಿ. ಚೆಂಡು ಹೂವು ಒಂದೂವರೆ ಅಡಿ ಅಂತರ, ಸೇವಂತಿಗೆ ಆಸ್ಟರ್ ಸುಗಂಧರಾಜ ಒಂದೊಂದಡಿ. ಸುಗಂಧರಾಜದ ಗೆಡ್ಡೆ ಒಂದಿಂಚಿನಷ್ಟು ದಪ್ಪ ಇದ್ರೆ ಮಾತ್ರ ಅದೇ ವರ್ಷ ಕಡ್ಡಿ ಬರುತ್ತೆ, ಸಣ್ಣ ಗೆಡ್ಡೆ ಬರೀ ಎಲೆ ಬಿಡುತ್ತೆ, ಎರಡಿಂಚು ಆಳಕ್ಕೆ ಮೊಳಕೆ ಮೇಲೆ ಮಾಡಿ ಇಡ್ರಿ.

ಚೆಂಡು ಹೂವು, ಸೇವಂತಿಗೆ ನೆಟ್ಟು ಮೂರು ನಾಲ್ಕು ವಾರಕ್ಕೆ ತುದಿ ಚಿವುಟ್ಬೇಕು. ಚೆನ್ನಾಗಿ ಬೆಳೀತಿರೋ ಗಿಡದ ತಲೆ ಕೀಳೋಕೆ ಮನಸ್ಸೇ ಬರಲ್ಲ, ಗೊತ್ತು, ಆದ್ರೂ ಚಿವುಟ್ರಿ. ಒಂದು ತುದಿ ಹೋದ ಕಡೆ ಪಕ್ಕದಿಂದ ನಾಲ್ಕೈದು ಕೊಂಬೆ ಒಡೆಯುತ್ತೆ, ಪ್ರತಿ ಕೊಂಬೆಗೂ ಹೂವು. ಮೊದಲ ಹೂವು ಒಂದು ವಾರ ಹತ್ತು ದಿನ ಮುಂದಕ್ಕೆ ಹೋಗುತ್ತೆ, ಅದನ್ನ ಹಬ್ಬದ ಲೆಕ್ಕದಲ್ಲಿ ಸೇರಿಸ್ಕೊಳ್ರಿ. ಜಿನ್ನಿಯಾಕ್ಕೂ ಹಂಗೇ. ಸುಗಂಧರಾಜ, ಗ್ಲಾಡಿಯೋಲಸ್‌ಗೆ ಚಿವುಟೋ ಪ್ರಶ್ನೆನೇ ಇಲ್ಲ. ಮಳೆಗಾಲದಲ್ಲಿ ಚೆಂಡು ಹೂವಿನ ಗಿಡ ಹೂವಿನ ಭಾರಕ್ಕೆ ಒರಗುತ್ತೆ, ಸಾಲಿನ ಎರಡೂ ತುದಿಗೆ ಗೂಟ ಹೊಡೆದು ಸುತ್ತ ಸುತಳಿ ಎಳೆದ್ರೆ ಸಾಕು.

ಹುಳ ರೋಗದ ವಿಷಯ ಉದ್ದ ಮಾಡಲ್ಲ. ಗಿಡಹೇನು, ನುಸಿ ಕಂಡ್ರೆ ಲೀಟರ್ ನೀರಿಗೆ ಮೂರರಿಂದ ಐದು ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಎಲೆ ಹಿಂಭಾಗಕ್ಕೆ ಹೊಡೀರಿ. ಆಸ್ಟರ್ ಇದ್ದ ಮಡಿಗೆ ಮತ್ತೆ ಆಸ್ಟರ್ ಬೇಡ, ಸೊರಗು ರೋಗ ಮಣ್ಣಲ್ಲೇ ಉಳಿದಿರುತ್ತೆ. ಕನಕಾಂಬರದ ಬೇರಿಗೆ ಗಂಟು ಕಟ್ಟೋ ಜಂತುಹುಳ ಬರುತ್ತೆ, ಗಿಡ ಹಳದಿ ತಿರುಗಿ ಬೆಳವಣಿಗೆ ನಿಲ್ಲುತ್ತೆ, ಅದಕ್ಕೆ ಆ ಜಾಗದಲ್ಲಿ ಮೊದಲು ಒಂದು ಬೆಳೆ ಚೆಂಡು ಹೂವು ತೆಗೆದು ಆಮೇಲೆ ಕನಕಾಂಬರ ಹಾಕೋದು ಒಳ್ಳೇದು, ಚೆಂಡು ಹೂವಿನ ಬೇರಿಗೆ ಆ ಹುಳ ಕಮ್ಮಿ ಮಾಡೋ ಗುಣ ಐತೆ. ಹೂವು ಜನ ಮುಡ್ಕೊಳ್ಳೋದು, ಮಕ್ಕಳು ಮುಖಕ್ಕೆ ಹಿಡ್ಕೊಂಡು ಮೂಸೋದು, ಕೊಯ್ಲಿನ ಕಾಲದಲ್ಲಿ ಕಡು ವಿಷ ಹೊಡಿಬೇಡ್ರಿ, ದಯವಿಟ್ಟು.

ಕೊಯ್ಯೋದು, ಕಾಪಾಡೋದು

ದುಡ್ಡು ಉಳಿಯೋದು ಕಳೆಯೋದು ಇಲ್ಲೇ. ಮಲ್ಲಿಗೆ ಕಾಕಡ ಮೊಗ್ಗಿದ್ದಾಗಲೇ, ಸೂರ್ಯ ಹುಟ್ಟೋ ಮುಂಚೆ, ಬಿಳಿ ತುಂಬಿದ ಮೊಗ್ಗನ್ನ ಮಾತ್ರ ಬಿಡಿಸ್ರಿ, ಹಸಿರು ಮೊಗ್ಗು ಕಿತ್ರೆ ಅದು ಅರಳೋದೂ ಇಲ್ಲ. ಚೆಂಡು ಹೂವು ಪೂರ್ತಿ ಅರಳಿದ ಮೇಲೆ. ಆಸ್ಟರ್ ಹೊರಗಿನ ಎಸಳೆಲ್ಲ ಬಿಚ್ಚಿದಾಗ. ಸುಗಂಧರಾಜದ ಕಡ್ಡಿಯಲ್ಲಿ ಕೆಳಗಿನ ಒಂದೆರಡು ಜೋಡಿ ಹೂವು ಅರಳಿದ್ರೆ ಅದೇ ಟೈಮು, ಮೇಲಿನವು ಹೂದಾನಿಯಲ್ಲಿ ಒಂದೊಂದಾಗಿ ಅರಳ್ತವೆ. ಗ್ಲಾಡಿಯೋಲಸ್ ಇನ್ನೂ ಮುಂಚೆ, ಕೆಳಗಿನ ಮೊಗ್ಗಲ್ಲಿ ಬಣ್ಣ ಕಂಡ ತಕ್ಷಣ, ಬುಡದ ನಾಲ್ಕು ಎಲೆ ಗಿಡದಲ್ಲೇ ಬಿಡ್ರಿ ಇಲ್ಲಾಂದ್ರೆ ಗೆಡ್ಡೆ ಬಲಿಯಲ್ಲ. ಜಿನ್ನಿಯಾ ಹೂವಿನ ಕೆಳಗೆ ಒಂದು ಗೇಣು ಬಿಟ್ಟು ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡ್ರಿ, ನೆಟ್ಟಗೆ ನಿಂತ್ರೆ ಕೊಯ್ಯಬಹುದು, ತೂಗಾಡಿದ್ರೆ ಇನ್ನೆರಡು ದಿನ ಬಿಡ್ರಿ.

ಕಡ್ಡಿ ಕೊಯ್ಯೋವಾಗ ನೀರಿನ ಬಕೆಟ್ ಕೈಯಲ್ಲೇ ಇರ್ಲಿ. ಹರಿತವಾದ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ, ನೀರೊಳಗೆ ಮುಳುಗೋ ಎಲೆ ಎಲ್ಲ ತೆಗೆದು, ತಕ್ಷಣ ಬಕೆಟ್‌ಗೆ. ಆಮೇಲೆ ನೆರಳಲ್ಲಿ ಎರಡು ತಾಸು ಹಂಗೇ ಬಿಡ್ರಿ, ಕಡ್ಡಿ ನೀರು ಕುಡಿದು ಗಟ್ಟಿಯಾಗುತ್ತೆ, ಆಮೇಲೇ ಕಟ್ಟು ಕಟ್ಟೋದು. ಬಕೆಟ್ ದಿನಾ ಸೋಪಲ್ಲಿ ತಿಕ್ಕಿ ತೊಳೀಬೇಕು, ಲೋಳೆ ಕಟ್ಟಿದ ಬಕೆಟ್ ಹೂವಿನ ಆಯಸ್ಸು ಅರ್ಧ ಮಾಡುತ್ತೆ. ಬಿಡಿ ಹೂವನ್ನ ತೊಳಿಬೇಡ್ರಿ, ಬಿಗಿ ಪ್ಲಾಸ್ಟಿಕ್ ಕವರ್‌ನಲ್ಲಿ ತುಂಬಬೇಡ್ರಿ, ಒಳಗೆ ಬೆವರಿ ಕಪ್ಪಾಗುತ್ತೆ. ಬಿದಿರು ಬುಟ್ಟಿಗೆ ಬಾಳೆ ಎಲೆ ಹಾಸಿ ಮೇಲೆ ಒದ್ದೆ ಬಟ್ಟೆ ಹೊದಿಸಿದ್ರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಕಟ್ಟೋದು ಮತ್ತು ರೇಟ್ ಹೇಳೋದು

ಬಿಡಿ ಹೂವಿಗೂ ಕಟ್ಟಿದ ಹೂವಿಗೂ ಇರೋ ವ್ಯತ್ಯಾಸದ ದುಡ್ಡು ಪೂರ್ತಿ ಕಟ್ಟೋರ ಕೂಲಿ. ಮನೆಯಲ್ಲಿ ಅತ್ತೆನೋ ಅಜ್ಜಿನೋ ಕೈ ಓಡೋರಿದ್ರೆ ಆ ದುಡ್ಡು ಮನೆಯಲ್ಲೇ ಉಳಿಯುತ್ತೆ, ಅದನ್ನ ಅವರ ಕೈಗೇ ಕೊಡ್ರಿ, ಅವರ ಕೆಲಸ ಅದು. ಬಾಳೆ ನಾರಲ್ಲಿ ಕಟ್ಟಿದ್ದು ದಾರದ್ದಕ್ಕಿಂತ ತಂಪಾಗಿ ನಿಲ್ಲುತ್ತೆ, ನಾರು ನೆನೆಸಿಟ್ಟು ಕಟ್ರಿ. ಮೊಳ ಅಳೆಯೋವಾಗ ಕೈ ಗಿಡ್ಡ ಮಾಡಬೇಡ್ರಿ, ಹತ್ತಿರ ಹತ್ತಿರ ಕಟ್ರಿ, ವರ್ತನೆಯವರು ಮಾತಲ್ಲಿ ಹೇಳಲ್ಲ ಆದ್ರೆ ದಿನಾ ನೋಡ್ತಾರೆ.

ವರ್ತನೆ ರೇಟನ್ನ ಹಬ್ಬದ ದಿನ ಏರಿಸೋಕೆ ಹೋಗಬೇಡ್ರಿ ಅಂತ ನನ್ನ ಅಭಿಪ್ರಾಯ. ವರಮಹಾಲಕ್ಷ್ಮಿ ದಿನ ಊರೆಲ್ಲ ಡಬಲ್ ತ್ರಿಬಲ್ ಹೇಳ್ತಿರೋವಾಗ ನೀವು ಆ ಒಂದು ಮೊಳನ ಅದೇ ರೇಟಿಗೆ ಕೊಟ್ರೆ ಆ ಮನೆಯವರು ವರ್ಷಪೂರ್ತಿ ಬೇರೆ ಕಡೆ ನೋಡಲ್ಲ. ಅವತ್ತು ಹೆಚ್ಚಿಗೆ ಬೇಕು ಅನ್ನೋ ಹಾರ, ಬಿಡಿ ಹೂವಿಗೆ ಮಾರ್ಕೆಟ್ ರೇಟ್ ಹಾಕ್ರಿ, ಹದಿನೈದು ದಿನ ಮುಂಚೆನೇ ಆರ್ಡರ್ ಬರ್ಕೊಂಡು ಸ್ವಲ್ಪ ಅಡ್ವಾನ್ಸ್ ತಗೊಳ್ರಿ. ವಾಟ್ಸಾಪ್ ಸ್ಟೇಟಸ್‌ಗೆ ಬೆಳಿಗ್ಗೆ ಕೊಯ್ದ ಹೂವಿನ ಫೋಟೋ ಹಾಕಿದ್ರೆ ಸಾಕು, ಬೇರೆ ಜಾಹೀರಾತು ಬೇಡ.

ಒಂದು ನೋಟ್‌ಬುಕ್ ಇಡ್ರಿ. ಯಾವ ಬೀಜ ಯಾವ ದಿನ ಹಾಕಿದ್ದು, ಮೊದಲ ಹೂವು ಯಾವತ್ತು, ಯಾರಿಗೆ ಎಷ್ಟು, ಉಳಿದು ಹೋಗಿದ್ದೆಷ್ಟು. ಉಳಿದಿದ್ದನ್ನ ಬರಿಯೋದೇ ಮುಖ್ಯ, ಮುಂದಿನ ವರ್ಷ ಯಾವ ಮಡಿ ಕಮ್ಮಿ ಮಾಡ್ಬೇಕು ಅಂತ ಅದೇ ಹೇಳುತ್ತೆ.

ಸೀಸನ್ ಮುಗಿದ ಮೇಲೆ

ಸೇವಂತಿಗೆ ಹೂವು ಮುಗಿದ ಮೇಲೆ ಗಿಡ ಕಿತ್ತು ಎಸಿಬೇಡ್ರಿ. ಜನವರಿಯಲ್ಲಿ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ ಒಂದು ಬುಟ್ಟಿ ಗೊಬ್ಬರ ಕೊಟ್ರೆ ಬುಡದಿಂದ ಮರಿ ಏಳ್ತವೆ, ಬೇಸಿಗೆಯಲ್ಲಿ ಅದಕ್ಕೆ ಸ್ವಲ್ಪ ನೆರಳು ಮಾಡ್ರಿ, ಏಪ್ರಿಲ್ ಮೇನಲ್ಲಿ ಆ ಮರಿಗಳನ್ನೇ ಬೇರು ಸಮೇತ ಬಿಡಿಸಿ ಹೊಸ ಮಡಿಗೆ ನೆಡಬಹುದು, ಸಸಿ ದುಡ್ಡು ಉಳಿಯುತ್ತೆ. ಮಲ್ಲಿಗೆನ ನವೆಂಬರ್ ಕೊನೆಗೆ ಸವರಿ ಗೊಬ್ಬರ ಹಾಕಿದ್ರೆ ಮಾರ್ಚ್‌ನಿಂದ ಹೊಸ ಚಿಗುರಲ್ಲಿ ಮೊಗ್ಗು. ಚೆಂಡು ಹೂವು ಹೈಬ್ರಿಡ್ ಆದ್ರೆ ಅದರ ಬೀಜ ಇಡಬೇಡ್ರಿ, ಮುಂದಿನ ಸಲ ಒಂದೊಂದು ಗಿಡ ಒಂದೊಂದು ತರ ಬರುತ್ತೆ. ನಾಟಿ ಚೆಂಡು ಹೂವು, ಗಲಾಟೆ, ಜಿನ್ನಿಯಾ ಇವುಗಳ ದೊಡ್ಡ ಹೂವು ಗುರುತು ಮಾಡಿ ಗಿಡದಲ್ಲೇ ಒಣಗೋಕೆ ಬಿಟ್ಟು, ನೆರಳಲ್ಲಿ ಆರಿಸಿ, ಪೇಪರ್ ಕವರ್‌ಗೆ ಹಾಕಿ ಮೇಲೆ ಹೆಸರು, ತಿಂಗಳು ಬರೆದಿಡ್ರಿ. ಸುಗಂಧರಾಜ ಮೂರನೇ ವರ್ಷ ಕಡ್ಡಿ ಸಣ್ಣ ಆಗೋಕೆ ಶುರು ಆದಾಗ ಎಲೆ ಹಳದಿಯಾಗೋ ತನಕ ಕಾದು ನೀರು ನಿಲ್ಲಿಸಿ ಗೆಡ್ಡೆ ಅಗೆದು, ಮರಿಗೆಡ್ಡೆ ಬಿಡಿಸಿ, ನೆರಳಲ್ಲಿ ಒಂದು ತಿಂಗಳು ಒಣಗಿಸಿ ದಪ್ಪದ್ದು ಬೇರೆ ಜಾಗಕ್ಕೆ ನೆಡ್ರಿ. ಸಣ್ಣವನ್ನ ಬೇರೆ ಮಡಿಯಲ್ಲಿ ಒಂದು ವರ್ಷ ಬೆಳೆಸಿದ್ರೆ ಅವೂ ದಪ್ಪ ಆಗ್ತವೆ, ಮಿಕ್ಕಿದ್ದನ್ನ ಹೂವು ಬೆಳೆಯೋ ಬೇರೆ ಮನೆಯವರಿಗೆ ಕೆಜಿ ಲೆಕ್ಕದಲ್ಲಿ ಮಾರಬಹುದು.